ಚಿಪ್ಪಿನ ಸಿಪಾಯಿ

ಇಳಕಲ್ಲಿನ ಬಸ್ ಸ್ಟ್ಯಾಂಡಿನ ಹಿಂದೆ ಅಹ್ಮದಸಾಬರು ಕಂಪ್ಯೂಟರ್ ಆಟದ ಅಂಗಡಿ ತೆರೆದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಹುಬ್ಬಳ್ಳಿಯಿಂದ ಅವರು ತರುತ್ತಿದ್ದ ಸೀಡಿಗಳ ಹೆಸರು ಬೇರೆ ಬೇರೆ, ಒಳಗಿರುವ ಆಸಾಮಿ ಮಾತ್ರ ಒಬ್ಬನೇ. ಮೈತುಂಬ ಕಬ್ಬಿಣದ ಕವಚ, ಎತ್ತಿನ ಹೆಗಲಿನಂಥ ಹೆಗಲು, ಮುಖ ಕಾಣದ ಟೋಪಿ, ಕೈಯಲ್ಲಿ ಬಂದೂಕು. ಆಕಾಶದಾಚೆಯ ಯಾವುದೋ ಗ್ರಹಕ್ಕೆ ಪಲ್ಟನ್ ಸಮೇತ ಇಳಿಯುತ್ತಾನೆ. ಆಟ ಶುರುವಾಗುವಷ್ಟರಲ್ಲಿ ಜೊತೆಗಾರರೆಲ್ಲ ಸತ್ತಿರುತ್ತಾರೆ, ಇವನೊಬ್ಬನೇ ಉಳಿದು ಕಂಡ ಕಂಡ ರಾಕ್ಷಸರನ್ನು ಸುಡುತ್ತ ಹೋಗುತ್ತಾನೆ. ಒಂದು ಸೀಡಿಯಲ್ಲಿ ಕವಚ ಹಸಿರು, ಇನ್ನೊಂದರಲ್ಲಿ ನೀಲಿ, ಅಷ್ಟೇ. ಅವನಿಗೆ ಅವ್ವ ಇಲ್ಲ, ಅಪ್ಪ ಇಲ್ಲ, ಹೆಂಡತಿ ಮಕ್ಕಳಂತೂ ಇಲ್ಲವೇ ಇಲ್ಲ. ನಮ್ಮ ಓಣಿಯ ಹುಡುಗರು ಎಲ್ಲ ಸೀಡಿಯವರಿಗೂ ಸೇರಿಸಿ ‘ಚಿಪ್ಪಿನ ಸಿಪಾಯಿ’ ಎಂದು ಒಂದೇ ಹೆಸರಿಟ್ಟಿದ್ದರು.

ಈ ಸಿಪಾಯಿಯನ್ನು ನಡೆಸುವುದರಲ್ಲಿ ನನ್ನ ಸೋದರಮಾವ ಮುತ್ತುರಾಜನನ್ನು ಮೀರಿಸುವವರು ಊರಲ್ಲಿರಲಿಲ್ಲ. ನನ್ನ ಅವ್ವ ಲಕ್ಕವ್ವನ ಕೊನೆಯ ತಮ್ಮ ಅವನು, ಮನೆಯ ಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಮಗ್ಗದಿಂದ ಎದ್ದವನೇ ಅಂಗಡಿಗೆ. ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು, ಕತ್ತು ಅತ್ತಿತ್ತ ಹೊರಳಿಸದೆ ಕೂತನೆಂದರೆ ಅವನ ಕಣ್ಣು ತಪ್ಪಿಸಿ ಒಂದು ಸೊಳ್ಳೆಯೂ ದಾಟುವಂತಿರಲಿಲ್ಲ. “ಇಂವಾ ಮಿಲಿಟ್ರ್ಯಾಗ ಇರಬೇಕಾಗಿತ್ತು” ಎನ್ನುತ್ತಿದ್ದರು ಅಹ್ಮದಸಾಬರು. ಅದೇ ಮಾಮಾ ಅಂಗಡಿಯಿಂದ ಹೊರಬಿದ್ದರೆ ಮೆಟ್ಟಿಲು ಎಡವುತ್ತಿದ್ದ, ಸುಮ್ಮನೆ ನಿಂತ ಎಮ್ಮೆಗೆ ಹೋಗಿ ಡಿಕ್ಕಿ ಹೊಡೆಯುತ್ತಿದ್ದ. ಅವನನ್ನು ನೋಡಿ ಓಣಿಯೇ ನಗುತ್ತಿತ್ತು, ನಾನೂ ನಗುತ್ತಿದ್ದೆ.

ಒಂದು ಸಂಜೆ ನಮ್ಮ ಓಣಿಯ ನೇಕಾರ ಅಮಾತೆಪ್ಪ ತನ್ನ ಹಾಸನ್ನು, ಎಂದರೆ ಸೀರೆಯ ಉದ್ದನೆಯ ಎಳೆಗಳನ್ನು, ಗಂಜಿ ಹಚ್ಚಿ ಓಣಿಯುದ್ದಕ್ಕೂ ಬಿಗಿದು ಒಣಗಲು ಬಿಟ್ಟಿದ್ದ. ಮಾಮಾ ನೇರವಾಗಿ ಅದರೊಳಗೆ ನಡೆದುಬಿಟ್ಟ. ಎಳೆಗಳು ಪಟಪಟ ಹರಿದವು. ನೇಕಾರರ ಓಣಿಯಲ್ಲಿ ಹಾಸು ತುಳಿಯುವುದೆಂದರೆ ಬಡಿಸಿದ ತಾಟು ತುಳಿದಂತೆ.

“ಕಣ್ಣ ಅಂಗಡ್ಯಾಗ ಇಟ್ಟ ಬಂದೀಯೇನಲೇ?” ಎಂದು ಅಮಾತೆಪ್ಪ ಬಯ್ದದ್ದೇ ಮನೆಯಲ್ಲಿ ತೀರ್ಪಾಯಿತು. ನನ್ನ ಆಯಿ, ಅವ್ವನ ತಾಯಿ ಪದ್ಮವ್ವ, ಸೆರಗು ಸಿಕ್ಕಿಸಿಕೊಂಡು ಅಂಗಡಿಗೆ ಹೋಗಿ, “ನಿನ್ನ ಡಬ್ಬ್ಯಾಗಿನ ಆ ಭೂತ ನನ್ನ ಮಗನ ಕಣ್ಣ ತಿಂತು” ಎಂದು ಅಹ್ಮದಸಾಬರ ಜನ್ಮ ಜಾಲಾಡಿ ಬಂದಳು. ಆಟ ಬಂದಾಯಿತು. ನೆತ್ತಿಗೆ ಹರಳೆಣ್ಣೆ ತಿಕ್ಕಿದ್ದಾಯಿತು. ಎಡವುವುದು ಮಾತ್ರ ಹೆಚ್ಚುತ್ತಲೇ ಹೋಯಿತು.

ಕೊನೆಗೆ ಬಾಗಲಕೋಟೆಯ ಒಬ್ಬ ಕಣ್ಣಿನ ಡಾಕ್ಟರರ ಹತ್ತಿರ ಹೋದೆವು. ಆಯಿಗೆ ಅಕ್ಷರ ಬಾರದೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಡಾಕ್ಟರರು ಬಹಳ ಹೊತ್ತು ನೋಡಿ ಹೇಳಿದರು. “ಆಟದಿಂದ ಬಂದದ್ದಲ್ರಿ ಇದು, ಹುಟ್ಟಾ ಬಂದದ್ದು. ಮೊದಲ ಸಂಜಿ ಮುಂದ ಕಾಣೂದಿಲ್ಲ, ಆಮ್ಯಾಲ ಬಾಜೂಕಿಂದು ಹೋಗತದ. ಕೊಳವಿಯೊಳಗಿಂದ ನೋಡಿದಂಗ ನಡುವಿಂದಷ್ಟ ಉಳಿತದ. ಅದೂ ಸಣ್ಣ ಆಗ್ಕೋತ ಹೋಗತದ. ಔಷಧ ಇಲ್ಲ.”

ಅಲ್ಲೇ ಕುರ್ಚಿಯಲ್ಲಿ ನನಗೆ ಗೊತ್ತಾಯಿತು. ಸಿಪಾಯಿಯ ಜಗತ್ತು ಇಡಿಯಾಗಿ ಪರದೆಯೊಳಗೇ ಇತ್ತು, ಆ ಪರದೆ ಇಡಿಯಾಗಿ ಮಾಮಾನ ಕೊಳವೆಯೊಳಗಿತ್ತು. ಬೇರೆ ಹುಡುಗರ ಕಣ್ಣು ಬಾಗಿಲ ಕಡೆ, ಚಹಾದವನ ಕಡೆ ಓಡುತ್ತಿದ್ದಾಗ ಅವನಿಗೆ ಅದೊಂದೇ ಕಾಣುತ್ತಿತ್ತು. ನಾವು ಅದನ್ನು ಹುಷಾರಿ ಅಂದುಕೊಂಡಿದ್ದೆವು.

“ನಿಮ್ಮದು ಸಂಬಂಧದಾಗಿನ ಮದವಿ ಏನ್ರಿ?” ಎಂದು ಡಾಕ್ಟರರು ಕೇಳಿದರು.

“ಹೌದ್ರಿ, ನಮ್ಮ ಯಜಮಾನ್ರು ನನಗ ಸ್ವಾದರಮಾವನ. ನಮ್ಮ ಮನ್ಯಾಗ ಹೊರಗ ಕೊಡೂದು ತರೂದು ಇಲ್ರಿ” ಎಂದಳು ಆಯಿ, ಹೆಮ್ಮೆಯಿಂದ.

“ಇವರಿಗರೆ ಹೊರಗಿನ ಹೆಣ್ಣ ತರ್ರಿ. ಮನ್ಯಾಗಿಂದು ಬ್ಯಾಡ. ಮಕ್ಕಳಿಗೂ ಇದ ಬರತದ.”

ವಾಪಸು ಬರುವಾಗ ಅಮೀನಗಡದಲ್ಲಿ ಬಸ್ ನಿಂತಿತು. ಆಯಿ ಕರದಂಟು ಕೊಂಡು, ಎಂದೂ ಇಲ್ಲದ್ದು ಮೊದಲ ತುಂಡನ್ನು ನನ್ನ ಕೈಗಿಟ್ಟು, ನನ್ನನ್ನೇ ನೋಡುತ್ತ ಕೂತಳು. ಹುನಗುಂದ ದಾಟುವಷ್ಟರಲ್ಲಿ ಬಾಯಿಬಿಟ್ಟಳು. “ಕಣ್ಣಿಲ್ಲದವಗ ಹೊರಗಿನವರು ಯಾರ ಹೆಣ್ಣ ಕೊಡತಾರ? ನಮ್ಮ ಕೂಸಾದರ ಕೈ ಹಿಡದು ನಡಸತದ.”

ಡಾಕ್ಟರರ ಮಾತು ಅವಳಿಗೆ ತಿಳಿದಿರಲಿಲ್ಲ ಎಂದು ನಾನು ಹೇಳಲಾರೆ. ತಿಳಿದಿತ್ತು. ಹುಟ್ಟದ ಕೂಸಿನ ಕಣ್ಣಿಗಿಂತ ಹುಟ್ಟಿದ ಮಗನ ಕೈಗೆ ಆಸರೆ ದೊಡ್ಡದಾಗಿ ಕಂಡಿತು. ನಾನು ಒಲ್ಲೆ ಅಂದೆ. ಮಾಮಾನೂ ಒಲ್ಲೆ ಅಂದ. ಅವ್ವ ಅಡುಗೆಮನೆಯಲ್ಲಿ ಕೂತು ಅತ್ತಳು, ತವರಿಗೆ ಮಗಳನ್ನು ಕೊಡುವುದಿಲ್ಲ ಎನ್ನುವ ಧೈರ್ಯ ಅವಳಿಗೆ ಬರಲಿಲ್ಲ. ಅಕ್ಷತೆ ಬಿತ್ತು.

ಮಾಮಾನ ಮೇಲೆ ನನಗೆ ಸಿಟ್ಟಿರಲಿಲ್ಲ. ಎತ್ತಿ ಆಡಿಸಿದವನ ಮೇಲೆ ಎಂಥ ಸಿಟ್ಟು? ಐದು ತಿಂಗಳ ಬಸುರಿಯಿದ್ದಾಗ ಒಂದು ಮಧ್ಯಾಹ್ನ, ದರ್ಜಿಯ ಹತ್ತಿರ ಹೋಗುತ್ತೇವೆಂದು ಆಯಿಗೆ ಸುಳ್ಳು ಹೇಳಿ ಅವನನ್ನು ಅಂಗಡಿಗೆ ಕರೆದುಕೊಂಡು ಹೋದೆ. ಅಹ್ಮದಸಾಬರು ಅವನ ಹಳೆಯ ಕುರ್ಚಿ ಎಳೆದು ಕೊಟ್ಟರು. ಸಿಪಾಯಿ ಇಳಿದ, ಜೊತೆಗಾರರು ಸತ್ತರು, ಮಾಮಾನ ಮುಖ ಅರಳಿತು. ಮೊದಲ ಬಾಗಿಲು ದಾಟುತ್ತಲೇ ರಾಕ್ಷಸನೊಬ್ಬನ ಏಟಿಗೆ ಸಿಪಾಯಿ ಬಿದ್ದ.

“ಎಲ್ಲಿಂದ ಬಂತದು?”

“ಎಡಕ್ಕ ಇತ್ತು ಮಾಮಾ. ಆವಾಗಿಂದ ನಿಂತಿತ್ತು.”

ಅವನು ಕೈ ಚಾಚಿ ಪರದೆಯ ಎಡ ಅಂಚನ್ನು ಮುಟ್ಟಿ ನೋಡಿದ, ಆಮೇಲೆ ಬಲ ಅಂಚನ್ನು. “ನಾ ಹುಷಾರ ಇರಲಿಲ್ಲ ಶೈಲಾ, ನನಗ ಅಷ್ಟ ಕಾಣತಿತ್ತು” ಎಂದ. ಬಿದ್ದ ಸಿಪಾಯಿಯ ಕಡೆ ಬೆರಳು ಮಾಡಿ, “ಇವಗ ಹೇಣ್ತಿ ಮಕ್ಕಳ್ನ ಕೊಡದವರು ಭಾಳ ಶಾಣ್ಯಾರು” ಎಂದ. ನನ್ನ ಹೊಟ್ಟೆಯೊಳಗೆ ಕೂಸು ಒದ್ದಿತು. ಅದನ್ನು ಅವನಿಗೆ ಹೇಳಬೇಕೆನ್ನಿಸಲಿಲ್ಲ.

ಮಗಳು ಹುಟ್ಟಿದಳು, ಪ್ರಿಯದರ್ಶಿನಿ. ಅವಳು ಸಾಲಿಗೆ ಹೋಗುವ ಹೊತ್ತಿಗೆ ಮಾಮಾನಿಗೆ ಹಗಲು ರಾತ್ರಿಯ ಬೆಳಕಷ್ಟೇ ತಿಳಿಯುತ್ತಿತ್ತು. ಕೈಯಂದಾಜಿನ ಮೇಲೆ ನೂಲು ಸುತ್ತುತ್ತ ಕೂತಿರುತ್ತಿದ್ದ. ಆಗಾಗ ಮಗಳನ್ನು ಎದುರು ಕೂರಿಸಿಕೊಂಡು, ತನ್ನ ಕೈಯನ್ನು ಅವಳ ಕಿವಿಯ ಪಕ್ಕಕ್ಕೆ ಒಯ್ದು ಬೆರಳು ಎತ್ತಿ ಹಿಡಿದು, “ಎಷ್ಟ ಬಟ್ಟ ಹೇಳವಾ?” ಎಂದು ಕೇಳುತ್ತಿದ್ದ. ಅವಳು ಕತ್ತನ್ನು ಪೂರ್ತಿ ಅತ್ತ ತಿರುಗಿಸಿ, ನೋಡಿ, “ಎರಡು” ಎನ್ನುತ್ತಿದ್ದಳು. ಅವಳು ತಿರುಗಿದ್ದು ಅವನಿಗೆ ಕಾಣುತ್ತಿರಲಿಲ್ಲ. ಸರಿಯಾದ ಉತ್ತರ ಕೇಳಿ ಖುಷಿಪಡುತ್ತಿದ್ದ. ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಮಕ್ಕಳಾಟಿಕೆ, ಹಾಗೆಯೇ ತಿರುಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ಸಾಲಿಯಿಂದ ಕರೆದುಕೊಂಡು ಬರುವಾಗ ಒಂದು ದಿನ ಅವಳು ಅಂಗಡಿ ನೋಡಿ ಹಟ ಹಿಡಿದಳು. ಸಿಪಾಯಿ ಹೊಸ ಕವಚ ತೊಟ್ಟಿದ್ದ, ಕೆಲಸ ಹಳೆಯದೇ. ದೊಡ್ಡ ಹುಡುಗರು ಸತ್ತು ಸತ್ತು ಏಳುತ್ತಿದ್ದ ಜಾಗದಲ್ಲಿ ಇವಳು ಹಾಗೆಯೇ ದಾಟಿ ಹೋದಳು. ಬೀದಿಯಲ್ಲಿ ಬ್ಯಾಂಡ್ ಬಾಜಾ ಹೋಯಿತು, ಹುಡುಗರೆಲ್ಲ ಹೊರಳಿದರು. ಇವಳು ಹೊರಳಲಿಲ್ಲ.

“ಥೇಟ ಅಪ್ಪನಂಗ” ಎಂದರು ಅಹ್ಮದಸಾಬರು, ಪ್ರೀತಿಯಿಂದ.

ಹೊರಗೆ ಹೊತ್ತು ಮುಳುಗುತ್ತಿತ್ತು, ನನಗೆ ಇನ್ನೂ ಎಲ್ಲ ಕಾಣುತ್ತಿತ್ತು. ಪ್ರಿಯಾ ಹೊಸ್ತಿಲ ಮೇಲೆ ನಿಂತು, ಒಂದು ಕಾಲನ್ನು ಮುಂದೆ ಚಾಚಿ ಮೆಟ್ಟಿಲು ಹುಡುಕತೊಡಗಿದಳು. ನಾನು ಅವಳನ್ನು ಎತ್ತಿಕೊಂಡೆ. ಇಷ್ಟು ದೊಡ್ಡವಳನ್ನು ಯಾಕೆ ಎತ್ತಿಕೊಂಡೆ ಎಂದು ಅವಳು ಕೊಸರಾಡಿದಳು. ಮನೆ ಮುಟ್ಟುವವರೆಗೂ ಕೆಳಗಿಳಿಸಲಿಲ್ಲ.

“ತಡಾ ಆತಲ್ಲ?” ಎಂದ ಮಾಮಾ, ನೂಲು ಸುತ್ತುವುದನ್ನು ನಿಲ್ಲಿಸಿ.

“ಸಾಬರ ಅಂಗಡ್ಯಾಗ ಕುಂತಿದ್ಲು. ಸಿಪಾಯಿ ಆಟ ಆಡಿದ್ಲು.”

ಅವನ ಕೈಯೊಳಗೆ ನೂಲು ಬಿಗಿಯಾಯಿತು. “ಹೆಂಗ ಆಡಿದ್ಲು?”

“ಭಾಳ ಕೆಟ್ಟ ಆಡಿದ್ಲು ಮಾಮಾ. ಸುರುವಿಗೇ ಸತ್ಲು. ಒಟ್ಟ ಲಕ್ಷ್ಯನ ಇಲ್ಲ, ಬರೇ ಅತ್ತಿತ್ತ ನೋಡೂದು.”

ಮಾಮಾ ನಕ್ಕ. ವರ್ಷಗಟ್ಟಲೆ ಕೇಳಿರದ ನಗು ಅದು, ಮೈಯೆಲ್ಲ ಅಲುಗುವಂಥದ್ದು. ಮಗಳನ್ನು ತಡವಿ ಹತ್ತಿರ ಎಳೆದುಕೊಂಡು ತಲೆ ನೇವರಿಸಿದ. ಬರುವ ಶುಕ್ರವಾರ ಮೂವರೂ ಬಾದಾಮಿಗೆ ಹೋಗೋಣ, ಬನಶಂಕರಿಗೆ ಕಾಯಿ ಒಡೆಸಬೇಕು ಎಂದ. ನಾನು ಆಗಲಿ ಅಂದೆ.