ಟಿಕೆಟ್ ಕ್ಲೋಸ್

ಪುಣೆಯ ಶಿವಾಜಿನಗರದ ಕೋರ್ಟಿನ ಹಿಂದಿನ ಗಲ್ಲಿಯಲ್ಲಿ, ಝೆರಾಕ್ಸ್ ಅಂಗಡಿಗಳ ಮೇಲಿನ ಮಹಡಿಯಲ್ಲಿ ದೇವದಾಸರ ಕಂಪನಿ ಇತ್ತು. ಪುಣೆ ಜಿಲ್ಲೆಯ ಸಣ್ಣಪುಟ್ಟ ಪತ್ತಿನ ಸಂಘಗಳು, ಹಾಲಿನ ಡೇರಿಗಳು, ಒಂದೆರಡು ಕಾರ್ಖಾನೆಗಳು ತಮ್ಮ ಕಂಪ್ಯೂಟರುಗಳ ಕಷ್ಟಸುಖವನ್ನೆಲ್ಲ ಇವರಿಗೆ ಒಪ್ಪಿಸಿ ನಿಶ್ಚಿಂತೆಯಿಂದ ಇದ್ದವು. ಎಲ್ಲಿ ಏನು ಕೆಟ್ಟರೂ ಅಲ್ಲಿಂದ ಒಂದು ದೂರು ಬರಬೇಕು. ಆ ದೂರಿಗೆ ಟಿಕೆಟ್ ಎಂದು ಹೆಸರು. ಟಿಕೆಟ್ ಬಂದ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ಒಪ್ಪಂದದಲ್ಲಿ ಹೇಳಿದ ಹೊತ್ತಿನೊಳಗೆ ಅದನ್ನು ಬಗೆಹರಿಸಿ ಕ್ಲೋಸ್ ಮಾಡದಿದ್ದರೆ ಕಂಪನಿಗೆ ದಂಡ.

ದಂಡ ಕಟ್ಟಲು ದೇವದಾಸರಿಗೇನು ಹುಚ್ಚೇ? ಅವರ ಕಂಪನಿಯಲ್ಲಿ ಟಿಕೆಟ್ ಬಂತೆಂದರೆ ಮೊದಲು ಕ್ಲೋಸ್ ಮಾಡುವುದು, ರಿಪೇರಿ ಆಮೇಲೆ. ‘ಸಮಸ್ಯೆ ಬಗೆಹರಿದಿದೆ, ಗ್ರಾಹಕರು ಒಪ್ಪಿದ್ದಾರೆ’ ಎಂಬ ಸಿದ್ಧ ಸಾಲೊಂದಿತ್ತು. ಅದನ್ನು ಒತ್ತಿದರೆ ಗಡಿಯಾರ ನಿಂತುಬಿಡುತ್ತಿತ್ತು. ನಂತರ ಹುಡುಗರು ತಮ್ಮ ಸ್ವಂತ ಮೊಬೈಲಿನಿಂದ ಗ್ರಾಹಕರಿಗೆ ಫೋನ್ ಮಾಡಿ, ನಿಧಾನವಾಗಿ, ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಕೂತು ಸರಿ ಮಾಡುತ್ತಿದ್ದರು. ವರ್ಷಕ್ಕೊಮ್ಮೆ ಗ್ರಾಹಕರ ಮುಂದೆ ದೇವದಾಸರು ಎದೆಯುಬ್ಬಿಸಿ ತೋರಿಸುವ ಲೆಕ್ಕದಲ್ಲಿ ತಡವಾದ ಟಿಕೆಟ್ ಒಂದೂ ಇರುತ್ತಿರಲಿಲ್ಲ.

ಈ ವಿದ್ಯೆಯನ್ನು ಶಿವಕಾಂತಾಳಿಗೆ ಕಲಿಸಿದವರು ಸ್ವತಃ ದೇವದಾಸರೇ. ಆಕೆ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದು ಪುಣೆಯಲ್ಲೇ ಬೇರುಬಿಟ್ಟ ಭೀಮಣ್ಣನ ಮಗಳು. ಡಿಪ್ಲೊಮಾ ಮುಗಿಸಿ ನೇರ ಇಲ್ಲಿಗೇ ಬಂದು, ಈಗ ದೂರು ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದಳು. ದೇವದಾಸರು ಕುಂದಾಪುರ ಕಡೆಯ ಹೋಟೆಲಿನವರ ಮನೆತನ. ‘ನಮ್ಮ ಕನ್ನಡದ ಹುಡುಗಿ’ ಎಂದು ಬಂದವರ ಮುಂದೆಲ್ಲ ಅವಳನ್ನು ಹೊಗಳುತ್ತಿದ್ದರು. ಸಂಬಳ ಹೆಚ್ಚಿಸುವ ಮಾತು ಬಂದಾಗ ಮಾತ್ರ ಕನ್ನಡ ಬಿಟ್ಟು ಇಂಗ್ಲಿಷಿಗೆ ಹತ್ತುತ್ತಿದ್ದರು.

ಬರೆಯುವ ಸಾಲು ಸುಳ್ಳಾದರೂ ಮಾಡುವ ಕೆಲಸ ಸುಳ್ಳಲ್ಲ ಎಂಬುದು ಶಿವಕಾಂತಾಳ ಸಮಾಧಾನವಾಗಿತ್ತು. ಕ್ಲೋಸ್ ಮಾಡಿದ ಒಂದು ಟಿಕೆಟನ್ನೂ ಆಕೆ ಕೈಬಿಟ್ಟವಳಲ್ಲ. ಶಿರೂರಿನ ಪತ್ತಿನ ಸಂಘವೊಂದರಲ್ಲಿ ಕ್ಯಾಷಿಯರ್ ಆಗಿದ್ದ ಬಾಳು ಎಂಬ ಹುಡುಗನಿಗಂತೂ ಅವಳ ನಂಬರು ಬಾಯಿಪಾಠ. ಅವನ ತಾಯಿ ಬೋರಮ್ಮನೂ ಭೀಮಣ್ಣ ಗೋಡೆ ಕಟ್ಟಿದ ಕಡೆಯಲ್ಲೆಲ್ಲ ಇಟ್ಟಿಗೆ ಹೊತ್ತವಳೇ. ಬಾಳು ಟಿಕೆಟ್ ಹಾಕುವುದು ನಿಯಮಕ್ಕಾಗಿ, ನಂಬುವುದು ಫೋನನ್ನು. “ಅಕ್ಕಾ, ಪ್ರಿಂಟರ್ ಮತ್ತ ಮುನಿಸಿಕೊಂಡದ” ಎಂದು ಶುರು ಮಾಡಿದರೆ ಮನೆಯ ಸುದ್ದಿಯೆಲ್ಲ ಮುಗಿದ ಮೇಲೆಯೇ ಪ್ರಿಂಟರಿನ ಮಾತಿಗೆ ಬರುತ್ತಿದ್ದ.

ಆಮೇಲೆ ಕಾಲ ಕೆಟ್ಟಿತು. ಎಐ ಬಂದಿದೆಯಂತಲ್ಲ, ಇನ್ನೂ ನಿಮ್ಮ ಅಷ್ಟೊಂದು ಹುಡುಗರಿಗೆ ನಾವೇಕೆ ಸಂಬಳ ಹೊರಬೇಕು ಎಂದು ಗ್ರಾಹಕರು ಒಬ್ಬೊಬ್ಬರಾಗಿ ಚೌಕಾಸಿಗೆ ನಿಂತರು. ಅದರ ಬೆನ್ನಿಗೇ ಜನರ ಖಾಸಗಿ ಮಾಹಿತಿಯ ಹೊಸ ಕಾಯ್ದೆ ಬಂತು. ಮಾಹಿತಿ ಸೋರಿದರೆ ಭಾರೀ ದಂಡ, ಸೋರಿದ್ದನ್ನು ಬೇಗನೆ ಸರ್ಕಾರದ ಮೇಲಿನವರಿಗೆ ತಿಳಿಸದಿದ್ದರೆ ಇನ್ನೂ ದಂಡ, ಮಾಹಿತಿ ಯಾರ ಕೈ ದಾಟಿ ಹೋಯಿತೆಂಬುದಕ್ಕೆಲ್ಲ ಜವಾಬು. ಎರಡಕ್ಕೂ ಒಂದೇ ಮದ್ದು ಎಂದು ದೇವದಾಸರು ದೂರುಗಳಿಗೆ ತಾನೇ ಉತ್ತರಿಸುವ ಒಂದು ಎಐ ಯಂತ್ರವನ್ನು ಕೊಂಡರು. ಅದು ಸಂಬಳ ಕೇಳುವುದಿಲ್ಲ, ಸ್ವಂತ ಮೊಬೈಲಿನಲ್ಲಿ ಗ್ರಾಹಕರ ಜೊತೆ ಹರಟುವುದೂ ಇಲ್ಲ. ಯಂತ್ರ ಕಲಿಯಲು ಶುರು ಮಾಡಬೇಕಿದ್ದ ದಿನ ಬೆಳಿಗ್ಗೆ ಸಿಬ್ಬಂದಿಯನ್ನೆಲ್ಲ ಕರೆದು, ಯಂತ್ರ ಕಾಲೂರಿದ ಮೇಲೆ ದೂರು ವಿಭಾಗದಲ್ಲಿ ಒಂದೇ ಒಂದು ಕುರ್ಚಿ ಉಳಿಯುತ್ತದೆ ಎಂದು ಹೇಳಿದರು. ಯಾರ ಕುರ್ಚಿ ಎಂದು ಹೇಳಲಿಲ್ಲ. ಹೇಳದೆ ಬಿಟ್ಟರೆ ಎಲ್ಲರೂ ಬಾಲ ಮುದುರಿಕೊಂಡು ದುಡಿಯುತ್ತಾರೆಂಬ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಯಂತ್ರಕ್ಕೆ ಪಾಠ ಹೇಳಲು ಅದನ್ನು ಮಾರಿದ ಕಂಪನಿಯಿಂದ ಭವ್ಯಶ್ರೀ ಎಂಬ ಬೆಂಗಳೂರಿನ ಹುಡುಗಿ ಬಂದಳು. ಇಷ್ಟು ವರ್ಷಗಳ ಹಳೆಯ ಟಿಕೆಟ್‌ಗಳನ್ನೆಲ್ಲ ಅದಕ್ಕೆ ಉಣಿಸಬೇಕಿತ್ತು. ಶುರು ಮಾಡುವ ಮುಂಚೆ ಅವಳು ಒಂದು ಮಾತು ಕೇಳಿದಳು.

“ಈ ಟಿಕೆಟ್ಸ್‌ನಲ್ಲಿ ಬರ್ದಿರೋದೆಲ್ಲಾ ನಿಜ ಅಲ್ವಾ ಸರ್? ಇದ್ರಲ್ಲಿ ಏನಿದ್ಯೋ ಅದನ್ನೇ ಅದು ಕಲಿಯೋದು.”

ನೂರಕ್ಕೆ ನೂರು ನಿಜ ಎಂದರು ದೇವದಾಸರು. ಅವರು ಬೇಕೆಂದೇ ಸುಳ್ಳು ಹೇಳಿದರು ಎನ್ನಲೂ ಆಗದು. ಗ್ರಾಹಕರ ಮುಂದೆ ಹೇಳಿ ಹೇಳಿ ತಮ್ಮ ಲೆಕ್ಕವನ್ನು ತಾವೇ ನಂಬಿಬಿಟ್ಟಿದ್ದರು. ಭವ್ಯಶ್ರೀ ಶಿವಕಾಂತಾಳ ಮುಖ ನೋಡಿದಳು. ಶಿವಕಾಂತಾಳಿಗೆ ಎಲ್ಲವೂ ಅರ್ಥವಾಗಿತ್ತು. ಆ ಟಿಕೆಟ್‌ಗಳಲ್ಲಿ ರಿಪೇರಿಯ ಸುಳಿವೂ ಇಲ್ಲ, ಇರುವುದು ಕ್ಲೋಸ್ ಮಾಡುವ ವಿದ್ಯೆಯೊಂದೇ. ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಬೆಳಗಿನ ಆ ಒಂದು ಕುರ್ಚಿಯ ಮಾತನ್ನು ಅವಳು ಮರೆತಿರಲಿಲ್ಲ. ತಿನ್ನಲಿ, ಕಲ್ಲು ಸಮೇತ ತಿನ್ನಲಿ ಎಂದುಕೊಂಡು ಬಾಯಿಗೆ ಬೀಗ ಹಾಕಿ ಕೂತಳು.

ಯಂತ್ರಕ್ಕೆ ‘ಮಿತ್ರ’ ಎಂದು ನಾಮಕರಣವಾಯಿತು. ಒಳ್ಳೆಯ ಮರಾಠಿ, ಅದಕ್ಕಿಂತ ಒಳ್ಳೆಯ ವಿನಯ. ದೂರು ಬಂದ ತಕ್ಷಣ ಕ್ಷಮೆ ಕೇಳಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿರಿ ಎಂದು ಹೇಳಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ‘ಸಮಸ್ಯೆ ಬಗೆಹರಿದಿದೆ, ಗ್ರಾಹಕರು ಒಪ್ಪಿದ್ದಾರೆ’ ಎಂದು ಒತ್ತಿಬಿಡುತ್ತಿತ್ತು. ಗ್ರಾಹಕರು ಸಿಟ್ಟಿನಿಂದ ಮತ್ತೆ ಬರೆದರೆ ಇನ್ನೂ ಹೆಚ್ಚು ವಿನಯದಿಂದ ಮತ್ತೆ ಕ್ಲೋಸ್. ದೇವದಾಸರ ಪರದೆಯ ಮೇಲೆ ಎಲ್ಲವೂ ಹಸಿರು. ಮೊದಲ ತಿಂಗಳಲ್ಲೇ ಅಂಬಾದಾಸ ಎಂಬ ಹಳೆಯ ಕೆಲಸಗಾರನನ್ನು ಮನೆಗೆ ಕಳಿಸಿದರು. ಗ್ರಾಹಕರ ಫೋನನ್ನು ಯಾರೂ ಎತ್ತಕೂಡದು, ಎತ್ತಿದರೆ ಹೊಸ ಕಾಯ್ದೆಯ ಪ್ರಕಾರ ಅಪರಾಧ ಎಂದು ಎಲ್ಲರನ್ನೂ ಹೆದರಿಸಿದರು. ಕಾಯ್ದೆಯಲ್ಲಿ ಹಾಗೆ ಎಲ್ಲಿದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಮಧ್ಯಾಹ್ನ ಶಿವಕಾಂತಾಳ ಮೊಬೈಲು ಮೇಜಿನ ಮೇಲೆ ಗುರುಗುಟ್ಟಿತು. ಬಾಳುವಿನ ಹೆಸರು. ಅವಳು ಎತ್ತಲಿಲ್ಲ. ಅದು ಅಪ್ಪಣೆಗೆ ಹೆದರಿ ಅಲ್ಲ. ಅಪ್ಪಣೆಯನ್ನು ಮುರಿಯುವುದು ಅವಳಿಗೆ ಹೊಸದಾಗಿರಲಿಲ್ಲ. ನಾನೇ ಫೋನ್ ಎತ್ತಿ ಸರಿಮಾಡಿದರೆ ಹೆಸರು ಯಂತ್ರಕ್ಕೆ ಹೋಗುತ್ತದೆ, ಈ ದೇವದಾಸರಿಗೆ ಬುದ್ಧಿ ಬರುವುದು ಯಾವಾಗ, ಕೆಡಲಿ ಎಂದುಕೊಂಡಳು. ಮತ್ತೆ ಗುರುಗುಟ್ಟಿತು. ಅವಳು ಮೊಬೈಲನ್ನು ಬೋರಲು ಹಾಕಿ ಚಹಾ ಕುಡಿಯಲು ಕೆಳಗಿಳಿದಳು.

ಆ ಹೊತ್ತಿನಲ್ಲಿ ಶಿರೂರಿನ ಸಂಘದ ಕಂಪ್ಯೂಟರಿನೊಳಗೆ ಕಳ್ಳರು ಹೊಕ್ಕಿದ್ದರು. ಮುಟ್ಟದೆಯೇ ಪರದೆಯ ಮೇಲೆ ಮೌಸಿನ ಬಾಣ ಓಡಾಡುತ್ತಿರುವುದನ್ನು ಕಂಡ ಬಾಳು ಟಿಕೆಟ್ ಹಾಕಿದ್ದ. ಮಿತ್ರ ಕ್ಲೋಸ್ ಮಾಡಿತು. ಮತ್ತೆ ಹಾಕಿದ, ಮತ್ತೆ ಕ್ಲೋಸ್. ಎಲ್ಲ ಸರಿಹೋಯಿತೆಂದು ಪುಣೆಯಿಂದ ಬರಹ ಬಂದ ಮೇಲೆ ಸಂಘದ ಮ್ಯಾನೇಜರ್ ಕೆಲಸ ಮುಂದುವರಿಸು ಎಂದರು. ಸಂಜೆಯೊಳಗೆ ಸದಸ್ಯರ ಹೆಸರು, ಆಧಾರ್, ಫೋನ್ ನಂಬರುಗಳೆಲ್ಲ ಕಳ್ಳರ ಪಾಲಾಗಿದ್ದವು. ಅದು ಗೊತ್ತಾಗುವಷ್ಟರಲ್ಲಿ ಮೇಲಿನವರಿಗೆ ತಿಳಿಸಬೇಕಾದ ಹೊತ್ತೂ ಮೀರಿತ್ತು.

ಈಗ ಯಾರದಾದರೂ ತಲೆ ಉರುಳಬೇಕಿತ್ತು. ದೇವದಾಸರು ಟಿಕೆಟ್ ತೆಗೆದು ಸಂಘದವರಿಗೆ ತೋರಿಸಿದರು. ಬರೆದದ್ದು ಸ್ಪಷ್ಟವಾಗಿತ್ತು, ಗ್ರಾಹಕರು ಒಪ್ಪಿದ್ದಾರೆ. ಗ್ರಾಹಕರೆಂದರೆ ಬಾಳು. ಕಳ್ಳರು ಒಳಗಿರುವಾಗ ಎಲ್ಲ ಸರಿಯಿದೆ ಎಂದು ಒಪ್ಪಿದವನು ಕಳ್ಳರ ಕಡೆಯವನೇ ಇರಬೇಕು ಎಂಬ ಮಾತು ತಾನಾಗಿಯೇ ಹುಟ್ಟಿಕೊಂಡಿತು. ಸಂಘದವರು ಬಾಳುವನ್ನು ಕೆಲಸದಿಂದ ಅಮಾನತು ಮಾಡಿದರು. ಪೊಲೀಸರಿಗೆ ದೂರು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಸಭೆ ಕರೆದು, ದೇವದಾಸರೂ ದೂರು ವಿಭಾಗದ ಮುಖ್ಯಸ್ಥೆಯೂ ಬಂದು ಹೇಳಿಕೆ ಕೊಡಬೇಕೆಂದರು.

ಶಿರೂರಿಗೆ ಹೋಗುವ ದಾರಿಯಲ್ಲಿ ವಾಘೋಲಿಯ ಹತ್ತಿರ ಕಾರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಅಲ್ಲಿಯವರೆಗೆ ಹವೆ, ರಸ್ತೆ, ಮೆಟ್ರೋ ಎಂದೆಲ್ಲ ಮಾತಾಡಿದ ದೇವದಾಸರು ಆಗ ವಿಷಯಕ್ಕೆ ಬಂದರು.

“ನೀನು ಎಂತದ್ದೂ ಹೆಚ್ಚು ಹೇಳುದು ಬೇಡ. ಕ್ಲೋಸ್ ಮಾಡುವ ಮೊದಲು ನಾವು ಗ್ರಾಹಕರನ್ನು ಕೇಳ್ತೇವೆ, ಅದು ನಮ್ಮ ಪದ್ಧತಿ. ಅಷ್ಟು ಹೇಳಿದ್ರೆ ಸಾಕು. ಆ ಒಂದು ಕುರ್ಚಿ ನಿಂದೇ.”

“ಬಾಳುನ ಗತಿ ಏನ್ರಿ ಸರ್?”

“ಅವನಿಗೆ ಬೇರೆ ಕೆಲಸ ಸಿಗ್ತದೆ ಮಾರಾಯ್ತಿ.”

“ಪೊಲೀಸ್ ಕೇಸ್ ಆದವಂಗ ಕೆಲಸ ಕೊಡೋರು ಯಾರದಾರ್ರಿ?”

ದೇವದಾಸರ ಮುಖ ಬಿಗಿಯಿತು. ದನಿ ಏರಿಸದೆ, ನೀನು ಎನ್ನುತ್ತಿದ್ದವರು ನೀವು ಎನ್ನತೊಡಗಿದರು. ಕ್ಲೋಸ್ ಮಾಡಿದ ಒಂದೊಂದು ಹಳೆಯ ಟಿಕೆಟಿನ ಕೆಳಗೂ ನಿಮ್ಮ ಹೆಸರುಂಟು, ನನ್ನ ಹೆಸರು ಎಲ್ಲಿಯೂ ಇಲ್ಲ, ಯೋಚಿಸಿ ಎಂದರು. ಅದು ನಿಜವಾಗಿತ್ತು. ಭೀಮಣ್ಣನ ಮೊಣಕಾಲು ಹೋಗಿ ವರ್ಷಗಳಾಗಿದ್ದವು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಎಲ್ಲ ಕಂಪನಿಗಳೂ ಜನರನ್ನು ಹೊರಗೆ ಹಾಕುತ್ತಿರುವ ಈ ಹೊತ್ತಿನಲ್ಲಿ ಸುಳ್ಳು ಟಿಕೆಟಿನ ಹೆಂಗಸೆಂದು ಹೆಸರು ಬಿದ್ದರೆ ಯಾರು ಬಾಗಿಲು ತೆರೆಯುತ್ತಾರೆ? ಶಿರೂರು ಮುಟ್ಟುವಷ್ಟರಲ್ಲಿ, ದೇವದಾಸರು ಹೇಳಿದ್ದನ್ನೇ ಹೇಳಿಬಿಡುವುದೆಂದು ಅವಳು ಗಟ್ಟಿ ಮಾಡಿಕೊಂಡಿದ್ದಳು.

ಸಂಘದ ಚೇರ್ಮನ್ನರು ಬಿಳಿ ಟೋಪಿಯ ಮುದುಕರು, ಮಾತು ಕಡಿಮೆ. ಬಾಳು ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದ. ಅವನಿಗೆ ಕುರ್ಚಿ ಹಾಕಿರಲಿಲ್ಲ. ಶಿವಕಾಂತಾಳನ್ನು ಕಂಡು ಅವನ ಮುಖ ಒಮ್ಮೆ ಅರಳಿತು. ಅವಳು ಕಣ್ಣು ತಪ್ಪಿಸಿದಳು. ಕ್ಲೋಸ್ ಮಾಡುವ ಮೊದಲು ಗ್ರಾಹಕರನ್ನು ಕೇಳುತ್ತೀರೋ ಇಲ್ಲವೋ ಎಂದು ಚೇರ್ಮನ್ನರು ಮರಾಠಿಯಲ್ಲಿ ಕೇಳಿದರು.

ಶಿವಕಾಂತಾ ಬಾಯಿ ತೆರೆಯಬೇಕು, ಅಷ್ಟರಲ್ಲಿ ದೇವದಾಸರಿಗೆ ತಡೆಯಲಾಗಲಿಲ್ಲ. ಗೆಲ್ಲುವ ಮುಂಚೆಯೇ ಮೆರೆಯುವುದು ಅವರ ಹಳೆಯ ಚಾಳಿ. ಕೇಳದೆ ಇರುತ್ತೇವೆಯೇ ಸಾಹೇಬರೇ, ಇಟ್ಟಿಗೆ ಹೊರುವವರ ಮಕ್ಕಳನ್ನು ತಂದು ಕ್ಯಾಷಿನ ಮುಂದೆ ಕೂರಿಸಿದರೆ ಇನ್ನೇನಾಗುತ್ತದೆ, ಯಾವ ಗುಂಡಿ ಒತ್ತಬೇಕೆಂದೇ ಅವರಿಗೆ ತಿಳಿಯುವುದಿಲ್ಲ ಎಂದು ನಗುತ್ತ ಮರಾಠಿಯಲ್ಲಿ ಹೇಳಿದರು. ಪಕ್ಕದಲ್ಲಿ ಕೂತವಳು ಯಾರ ಮಗಳು ಎಂಬುದು ಅವರಿಗೆ ನೆನಪೇ ಆಗಲಿಲ್ಲ.

ಶಿವಕಾಂತಾಳ ಮೈ ಉರಿದುಹೋಯಿತು. ನ್ಯಾಯ, ಸತ್ಯ ಎಂಬ ದೊಡ್ಡ ಮಾತುಗಳೊಂದೂ ಆಗ ಅವಳ ತಲೆಯಲ್ಲಿ ಇರಲಿಲ್ಲ, ಇದ್ದದ್ದು ಸಿಟ್ಟು. ಅವಳು ಮರಾಠಿಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದಳು.

“ಕೇಳುವುದಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಕೇಳಿಲ್ಲ. ದಂಡ ತಪ್ಪಿಸಲು ಮೊದಲು ಕ್ಲೋಸ್ ಮಾಡುತ್ತೇವೆ. ಯಂತ್ರ ಅದನ್ನು ನಮ್ಮಿಂದಲೇ ಕಲಿತದ್ದು. ಈ ಹುಡುಗ ಏನನ್ನೂ ಒಪ್ಪಿಲ್ಲ.”

ಯಂತ್ರಕ್ಕೆ ಕಲಿಸುವಾಗ ನಿಮಗೆ ಇದು ಗೊತ್ತಿತ್ತೇ ಎಂದು ಚೇರ್ಮನ್ನರು ಕೇಳಿದರು. ಗೊತ್ತಿತ್ತು ಎಂದಳು. ದೇವದಾಸರು ತಿರುಗಿ ಅವಳನ್ನು ನೋಡಿದರು. ಇವಳೂ ತಮ್ಮಂತೆ ಆ ಲೆಕ್ಕವನ್ನೇ ನಂಬಿಬಿಟ್ಟಿದ್ದಾಳೆಂದು ಅವರು ತಿಳಿದಿದ್ದರೋ ಏನೋ. “ಹಾಳಾಗಿ ಹೋಗು” ಎಂದು ಹಲ್ಲು ಕಡಿದು ಕನ್ನಡದಲ್ಲಿ ಅಂದರು. ನಾಳೆಯಿಂದ ಬರುವುದು ಬೇಡ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿದರು.

ಮುಂದಿನದು ಬೇಗ ಮುಗಿಯಿತು. ಸಂಘ ಒಪ್ಪಂದವನ್ನು ರದ್ದು ಮಾಡಿತು. ಪೊಲೀಸರಿಗೆ ಹೋಗುವ ದೂರಿನಲ್ಲಿ ಈಗ ದೇವದಾಸರ ಕಂಪನಿಯ ಹೆಸರು ಬರೆಯುವುದೆಂದೂ, ಅದರ ಕೆಳಗೆ ಶಿವಕಾಂತಾಳ ಹೆಸರನ್ನೂ ಸೇರಿಸುವುದೆಂದೂ ತೀರ್ಮಾನವಾಯಿತು. ಬಾಳು ಸೋಮವಾರ ಕೆಲಸಕ್ಕೆ ಬರಬಹುದು ಎಂದರು. ದೇವದಾಸರು ಅವಳತ್ತ ತಿರುಗಿಯೂ ನೋಡದೆ ಕಾರು ಹತ್ತಿ ಹೋದರು.

ಶಿವಕಾಂತಾ ನಡೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದಳು. ಹಿಂದಿನಿಂದ ಬಾಳು ಬರುತ್ತಿದ್ದ. ಅವನು ಬಂದು ಏನಾದರೂ ಒಂದು ಒಳ್ಳೆಯ ಮಾತು ಆಡುತ್ತಾನೆಂದು ಅವಳಿಗೆ ಆಸೆಯಿತ್ತು. ಇಷ್ಟೆಲ್ಲ ಕಳೆದುಕೊಂಡವಳಿಗೆ ಅಷ್ಟು ಆಸೆ ಇರಬಾರದೇ? ಅವನು ಬಂದು ಎದುರಿಗೆ ನಿಂತ.

“ಅವತ್ತ ನಾ ಎರಡ ಸಲ ಫೋನ್ ಹಚ್ಚಿದ್ದೆ. ಫೋನ್ ನಿಮ್ಮ ಕೈಯಾಗ ಇರಲಿಲ್ಲೇನು?”

ಮೀಟಿಂಗಿನಲ್ಲಿದ್ದೆ ಎನ್ನಬಹುದಿತ್ತು. ಆ ದಿನ ಸುಳ್ಳಿನ ಮೇಲೆ ಅವಳಿಗೆ ಹೇಸಿಗೆ ಹುಟ್ಟಿತ್ತು.

“ಇತ್ತು. ನಿನ್ನ ಹೆಸರ ನೋಡೇ ಡಬ್ಬ ಹಾಕಿಟ್ಟೆ.”

“ಯಾಕ?”

“ಸರ್ ಮ್ಯಾಲಿನ ಸಿಟ್ಟಿಗೆ. ಆ ಮಷೀನ್ ಕೆಡಲಿ ಅಂತ.”

ಬಾಳುವಿನ ಕಣ್ಣಿನಲ್ಲಿ ನೀರಿರಲಿಲ್ಲ.

“ಹತ್ತ ದಿನ ನಮ್ಮವ್ವ ಒಲಿ ಹಚ್ಚಿಲ್ಲರಿ ಮೇಡಂ,” ಎಂದ. “ಓಣ್ಯಾಗಿನ ಮಂದಿ ಕಳ್ಳನ ಅವ್ವ ಅಂತಿದ್ರು. ನೀವು ಒಂದ ಸಲ ಫೋನ್ ಎತ್ತಿದ್ರ ಮುಗೀತಿತ್ತು.”

ಅಷ್ಟು ಹೇಳಿ ಅವನು ಬಂದ ದಾರಿಯಲ್ಲೇ ಹೊರಟುಹೋದ. ಪುಣೆಯ ಬಸ್ಸು ಬಂದು ನಿಂತು ಕಂಡಕ್ಟರ್ ಕೂಗುತ್ತಿದ್ದ. ಶಿವಕಾಂತಾ ಹತ್ತಿ ಕಿಟಕಿಯ ಬಳಿ ಕೂತಳು. ಕೆಲಸ ಹೋದದ್ದಕ್ಕೆ ಸಿಟ್ಟಾಗಲು ದೇವದಾಸರಿದ್ದರು, ಆ ಯಂತ್ರವಿತ್ತು, ಕಾಯ್ದೆಯಿತ್ತು. ಬಾಳು ಆಡಿದ ಮಾತಿಗೆ ಸಿಟ್ಟಾಗಲು ಅವಳಿಗೆ ತನ್ನ ಹೊರತು ಬೇರೆ ಯಾರೂ ಸಿಗಲಿಲ್ಲ.