ಆರು ತಿಂಗಳು ಎಂದು ಬರೆದದ್ದು

ಮೊದಲ ಸಲ ವೀಸಾ ಕೊಡುವುದಿಲ್ಲವೆಂದು ಬಂದ ಕಾಗದವನ್ನು ಟೈಲರಕ್ಕ ಹರಿದು ಹಾಕಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಅಳತೆ ಕೊಡಲು ನಿಲ್ಲುವ ಜಾಗದ ಎದುರಿನ ಗೋಡೆಗೆ ನಾಲ್ಕು ಗುಂಡುಪಿನ್ನು ಚುಚ್ಚಿ ನಿಲ್ಲಿಸಿದಳು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವರೂ ಅದನ್ನು ಓದಲೇಬೇಕಾಯಿತು. 'ಭೇಟಿಯ ಬಳಿಕ ನೀವು ಸ್ವದೇಶಕ್ಕೆ ಮರಳುವಿರಿ ಎಂಬುದು ನಮಗೆ ಮನವರಿಕೆಯಾಗಿಲ್ಲ.' ಓದಿದವರು ಸುಮ್ಮನಿರುತ್ತಾರೆಯೇ? ಏನಕ್ಕಾ ಇದು ಎಂದು ಕೇಳುವರು. ಕೇಳಿದರೆ ಮುಗಿಯಿತು, ಟೇಪನ್ನು ಅವರ ಸೊಂಟದಲ್ಲೇ ಬಿಟ್ಟು ಮೊದಲಿನಿಂದ ಶುರು ಮಾಡುವಳು.

ಹೀಗಾಗಿ ಇಡೀ ಬೀದಿಗೆ ಕತೆ ಬಾಯಿಪಾಠವಾಗಿತ್ತು. ಇರುವವಳೊಬ್ಬಳೇ ತಂಗಿ. ಹನ್ನೊಂದು ವರ್ಷದಿಂದ, ಈಗ ಅಕ್ಕನಿಗೆ ವೀಸಾ ಕೊಡದ ಆ ದೇಶದಲ್ಲಿ ಒಂದು ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಮದುವೆಯಿಲ್ಲ, ಮಕ್ಕಳಿಲ್ಲ, ಮೂರನೇ ಮಹಡಿಯಲ್ಲಿ ಒಂದು ಕೋಣೆ. ಹೃದಯದ ಕವಾಟವೊಂದು ಕೆಟ್ಟಿದೆ, ಬದಲಿಸಬೇಕು ಎಂದರು ಅಲ್ಲಿನ ಆಸ್ಪತ್ರೆಯವರು. ದಿನವನ್ನೂ ಕೊಟ್ಟರು. ಆದರೆ ಒಂಟಿಯಾಗಿರುವವರಿಗೆ ಆಪರೇಷನ್ ಆದ ಮೇಲೆ ಮೂರು ವಾರ ಜೊತೆಗಿರಲು ಮನೆಯವರೊಬ್ಬರು ಬೇಕು, ಬರುವವರು ಯಾರೆಂದು ಮೊದಲೇ ಹೇಳಬೇಕು, ಇಲ್ಲವಾದರೆ ಆ ದಿನ ಸರದಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ. ಅಕ್ಕನಿಗೆ ವೀಸಾ ಸಿಗಲಿಲ್ಲ, ದಿನ ಮುಂದಿನವರಿಗೆ ಹೋಯಿತು. ಈಗ ನಾಲ್ಕು ತಿಂಗಳ ಮೇಲೆ ಮತ್ತೊಂದು ದಿನ ಸಿಕ್ಕಿತ್ತು, ಬರುವ ತಿಂಗಳು ಹದಿನಾಲ್ಕು. ಅಷ್ಟರಲ್ಲಿ ತಂಗಿ ಮೆಟ್ಟಿಲು ಹತ್ತುವಾಗ ಮಹಡಿಗೊಮ್ಮೆ ಕೂತು ಉಸಿರು ತೆಗೆದುಕೊಳ್ಳುವ ಹಾಗಾಗಿದ್ದಳು. ಮೂರನೇ ಸಲ ದಿನ ಸಿಗುವವರೆಗೆ ಅವಳು ಇರುತ್ತಾಳೋ ಇಲ್ಲವೋ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

"ನಾನು ವಾಪಸ್ ಬರದೆ ಅಲ್ಲೇನು ಮಾಡ್ಲಿ? ಅವರ ಊರಿನವರ ಹರಿದ ಜೇಬು ಹೊಲೀತಾ ಕೂರ್ಲಾ?" ಎಂದು ಅವಳು ಕತೆಯ ಕೊನೆಗೆ ಕೇಳುತ್ತಿದ್ದಳು. ಗಿರಾಕಿಗಳು ತಲೆಯಾಡಿಸುತ್ತಿದ್ದರು. ಸೂಜಿ ಕೈಯಲ್ಲಿರುವವಳ ಎದುರು ಬೇರೇನು ಮಾಡಿಯಾರು?

ಎರಡನೇ ಅರ್ಜಿ ಹಾಕಲು ಅವಳು ಹೋದದ್ದು ಮೊದಲನೆಯದನ್ನು ತುಂಬಿದವನ ಬಳಿಗೇ. ಎರಡು ಅಂಗಡಿ ಆಚೆ ಝೆರಾಕ್ಸ್ ಯಂತ್ರ ಇಟ್ಟುಕೊಂಡವನು. ಬೀದಿಯವರ ಅರ್ಜಿಗಳನ್ನೆಲ್ಲ ಅವನೇ ತುಂಬುವುದರಿಂದ ಅರ್ಜಿಯಣ್ಣ ಎಂದೇ ಹೆಸರು. ಅವಳ ಯಜಮಾನರೂ ಜೊತೆಗೆ ಬಂದಿದ್ದರು. ಅವರು ಲಿಫ್ಟ್ ರಿಪೇರಿ ಮಾಡುವವರು, ಮಾತು ಕಡಿಮೆ, ಹೆಂಡತಿಯ ಸಿಟ್ಟು ನೆತ್ತಿಗೇರಿದಾಗ ಪಕ್ಕದಲ್ಲಿ ನಿಲ್ಲುವುದಷ್ಟೇ ತಮ್ಮ ಕೆಲಸ ಎಂದು ತಿಳಿದವರು.

ಅರ್ಜಿಯಣ್ಣ ಹಳೆಯ ಅರ್ಜಿಯ ನಕಲು ತೆಗೆದು ಒಂದೊಂದೇ ಸಾಲು ನೋಡುತ್ತ ಬಂದ. ಒಂದು ಕಡೆ ಬೆರಳು ನಿಂತಿತು.

"ಅಕ್ಕ, ಡಾಕ್ಟ್ರು ಎಷ್ಟು ದಿನ ಇರ್ಬೇಕು ಅಂದಿದ್ರು?"

"ಮೂರು ವಾರ."

"ಮತ್ತೆ ಇಲ್ಲಿ ಆರು ತಿಂಗಳು ಅಂತಿದೆ."

"ಹೌದು. ನಾನೇ ಹೇಳಿದ್ದು."

ಯಾಕೆ ಎಂದು ಕೇಳಿದ್ದಕ್ಕೆ ಅವಳು ಅವನನ್ನು ಎಳೆಗೂಸನ್ನು ನೋಡುವ ಹಾಗೆ ನೋಡಿದಳು. ಮೂವತ್ತು ವರ್ಷದಿಂದ ಅವಳು ಹೊಲಿದ ಒಂದು ಬಟ್ಟೆಯೂ ಒಳಗೆ ಎರಡು ಬೆರಳು ಬಿಡದೆ ಹೊರಗೆ ಹೋದದ್ದಿಲ್ಲ. ಮೈ ಇವತ್ತಿದ್ದ ಹಾಗೆ ನಾಳೆ ಇರುವುದಿಲ್ಲ. ದಪ್ಪಗಾದರೆ ಬಿಚ್ಚಿಕೊಳ್ಳಲಿ ಎಂದು ಒಳಗೆ ಬಟ್ಟೆ ಬಿಟ್ಟಿರಬೇಕು. ಅಳತೆಗೆ ಸರಿಯಾಗಿ ಕತ್ತರಿಸುವವನು ಟೈಲರಲ್ಲ, ಕಟುಕ ಎಂದು ಅವಳಿಗೆ ಕೆಲಸ ಕಲಿಸಿದ ಸೋದರತ್ತೆ ಹೇಳುತ್ತಿದ್ದಳಂತೆ. ಮೂರು ವಾರ ಬೇಕಾದಲ್ಲಿ ಆರು ತಿಂಗಳು ಕೇಳಿಟ್ಟರೆ ಯಾರಿಗೇನು ನಷ್ಟ? ಬೇಡವಾದದ್ದು ಒಳಗೇ ಮಡಚಿಕೊಂಡಿರುತ್ತದೆ.

ಅರ್ಜಿಯಣ್ಣ ಹಣೆಗೆ ಕೈಯಿಟ್ಟುಕೊಂಡ. ಅಂಗಡಿ ಮುಚ್ಚಿ ಆರು ತಿಂಗಳು ಅಲ್ಲಿರುತ್ತೇನೆ ಎಂದು ಬರೆದುಕೊಟ್ಟರೆ ಇವಳು ಬರುವವಳಲ್ಲ ಎಂದು ಯಾರಿಗಾದರೂ ಅನಿಸದೆ ಇರುತ್ತದೆಯೇ ಎಂದು ಮೆಲ್ಲಗೆ ಬಿಡಿಸಿ ಹೇಳಿದ.

ಅವಳಿಗೆ ಅರ್ಥವಾಯಿತು. ಅರ್ಥವಾದದ್ದೇ ತಡ, ಸಿಟ್ಟಿಗೆ ದಿಕ್ಕು ತಪ್ಪಿತು. ನಾಲ್ಕು ತಿಂಗಳು ಯಾರೋ ಕಾಣದ ಅಧಿಕಾರಿಯ ಮೇಲಿದ್ದದ್ದು ಈಗ ತನ್ನ ಮೇಲೇ ತಿರುಗಿತು. ತನ್ನ ಮೇಲೆ ಎಷ್ಟು ಹೊತ್ತು ಇರಿಸಿಕೊಳ್ಳಲಾದೀತು? ಎದುರಿಗಿದ್ದವನ ಮೇಲೆ ಬಿತ್ತು.

"ಅಲ್ಲಪ್ಪ, ನಿನ್ನ ಕಣ್ಣೆದುರಿಗೇ ಬಾವಿಗೆ ಬಿದ್ದೆನಲ್ಲ. ಒಂದು ಮಾತು ಕೇಳಬಾರದಿತ್ತಾ?"

"ನೀವು ಹೇಳಿದ್ದು ಟೈಪ್ ಮಾಡೋದಷ್ಟೇ ನನ್ನ ಕೆಲಸ, ಅಕ್ಕ."

"ಯಾರಾದರೂ ಮೂರು ತೋಳಿಟ್ಟು ಹೊಲಿ ಅಂದ್ರೆ ನಾನು ಹೊಲಿದು ಕೊಡ್ತೀನಾ? ಮೂರನೇ ಕೈ ಎಲ್ಲಿ ಅಂತಲಾದ್ರೂ ಕೇಳ್ತೀನಿ."

ಯಜಮಾನರಿಗೆ ನಗು ಬಂತು. ಹೆಂಡತಿ ತಿರುಗಿ ನೋಡಿದ ಮೇಲೆ ಹೋಯಿತು.

ಮುಂದಿನ ಜಗಳ ಬೇರೊಂದು ಸಾಲಿನ ಮೇಲೆ. ಹಿಂದೆ ಎಂದಾದರೂ ನಿಮಗೆ ವೀಸಾ ನಿರಾಕರಿಸಲಾಗಿದೆಯೇ ಎಂಬ ಪ್ರಶ್ನೆ. ಈ ಸಲ ಯಜಮಾನರೇ ಬಾಯಿಬಿಟ್ಟರು. ಇಲ್ಲ ಅಂತ ಹಾಕಿಬಿಡು, ಇದು ಹೊಸ ಅರ್ಜಿ, ಹಳೆಯದನ್ನು ಯಾರು ಹುಡುಕುತ್ತಾ ಕೂರುತ್ತಾರೆ ಎಂದರು. ಪಾಪ, ಅವರಿಗೂ ನಾದಿನಿಯ ಚಿಂತೆ. ಅರ್ಜಿಯಣ್ಣ ಕೀಲಿಮಣೆಯ ಮೇಲೆ ಕೈ ಹಿಡಿದು ಕಾದ.

"ಹೌದು ಅಂತ ಹಾಕು," ಎಂದಳು ಅವಳು. "ತಪ್ಪು ಮಾಡಿದ್ದು ನಿಜ, ಕಳ್ಳತನ ಮಾಡಿಲ್ಲ. ತಪ್ಪು ಮುಚ್ಚೋಕೆ ಹೋದ್ರೆ ಕಳ್ಳಿ ಆಗ್ತೀನಿ."

ಜೊತೆಗೆ ಲಗತ್ತಿಸಬೇಕಾದ ವಿವರಣೆಯ ಪತ್ರವನ್ನು ಅವಳು ಹೇಳುತ್ತ ಹೋದಳು, ಅವನು ಟೈಪು ಮಾಡುತ್ತ ಹೋದ. ಕೊನೆಗೆ ಓದಿಸಿ ನೋಡಿದರೆ ಅದರಲ್ಲಿ ಅವಳು ಹೇಳದ 'ದಯವಿಟ್ಟು' ಐದು, 'ವಿನಮ್ರವಾಗಿ' ಮೂರು ಸೇರಿಕೊಂಡಿದ್ದವು. ಬೆಣ್ಣೆ ಹಚ್ಚಿದ್ದು ಸಾಕು, ತೆಗಿ ಎಂದಳು. ಒಂದಾದರೂ ಇರಲಿ ಎಂದು ಅವನು ಗೋಗರೆದ. ಒಂದು ಉಳಿಯಿತು.

ಸಂದರ್ಶನಕ್ಕೆ ಕರೆ ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆಗೆ. ಬರುವವರು ಯಾರೆಂದು ತಂಗಿ ಆಸ್ಪತ್ರೆಗೆ ಹೇಳಲು ಕೊನೆಯ ದಿನವೂ ಅದೇ ಶುಕ್ರವಾರ.

ಯಜಮಾನರು ಬಸ್ಸಿನುದ್ದಕ್ಕೂ ಒಂದೇ ಮಾತು ಹೇಳಿದರು. ಏನು ಕೇಳಿದರೂ ಖಂಡಿತ ವಾಪಸ್ ಬರ್ತೀನಿ ಅನ್ನು, ಅದರ ಮೇಲೆ ಒಂದಕ್ಷರ ಬೇಡ. ಅವಳು ಹೂಂ ಎಂದಳು. ವೀಸಾ ಕಚೇರಿಯ ಒಳಗೆ ಅವಳೊಬ್ಬಳನ್ನೇ ಬಿಟ್ಟರು. ನೆಲಕ್ಕೆ ಬಿಗಿದ ಕುರ್ಚಿಗಳು, ಗಾಜಿನ ಹಿಂದೆ ಐದು ಕಿಟಕಿ, ಒಂದು ಮಾತ್ರ ತೆರೆದದ್ದು. ಎರಡೂವರೆ ಗಂಟೆ ಕಾಯಿಸಿದರು. ಅವಳ ಮುಂದಿದ್ದ ಮುದುಕನೊಬ್ಬ ಏನೂ ಕೇಳಿಸದೆ ಗಾಜಿಗೆ ಕಿವಿಯಾನಿಸಿದಾಗ, ಹಿಂದೆ ಸರಿದು ನಿಲ್ಲಿ ಎಂದು ಮೈಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಗದರಿದರು. ಅವಳು ಹಲ್ಲು ಕಚ್ಚಿಕೊಂಡಳು.

ಅಧಿಕಾರಿ ಮೂವತ್ತರ ಆಸುಪಾಸಿನ ಹೆಂಗಸು. ಇವಳ ಭಾಷೆಯನ್ನು ಪುಸ್ತಕದಿಂದ ಕಲಿತವಳು, ಒಂದೊಂದು ಪದವನ್ನೂ ಇಸ್ತ್ರಿ ಮಾಡಿ ಇಡುವಳು. ಪತ್ರ ಓದಿದ್ದಳು. ಆರು ತಿಂಗಳ ವಿಷಯ ಕೇಳಿದಳು, ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಂಗಡಿ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದಳು, ಇವಳು ಮುಚ್ಚಿರುತ್ತದೆ ಎಂದಳು. ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಆಕೆ ಪೆನ್ನು ಕೆಳಗಿಟ್ಟಳು.

"ಮೂರು ವಾರಗಳ ನಂತರವೂ ತಮ್ಮ ತಂಗಿ ಗುಣಮುಖರಾಗದಿದ್ದರೆ ತಾವು ಏನು ಮಾಡುವಿರಿ?"

ಖಂಡಿತ ವಾಪಸ್ ಬರ್ತೀನಿ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ನಾಲ್ಕು ತಿಂಗಳಲ್ಲಿ ಬಂದ ಸಿಟ್ಟೆಲ್ಲ ಒಂದು ತೂಕ, ಈಗ ಬಂದದ್ದೇ ಒಂದು ತೂಕ. ಹಾಸಿಗೆಯಲ್ಲಿ ಏಳಲಾಗದೆ ಮಲಗಿದವಳನ್ನು ಬಿಟ್ಟು ಬರುತ್ತೇನೆ ಎಂದು ಒಡಹುಟ್ಟಿದವಳ ಬಾಯಲ್ಲಿ ಹೇಳಿಸಿ, ಅದನ್ನು ಒಳ್ಳೆಯ ನಡತೆ ಎಂದು ಬರೆದುಕೊಳ್ಳುವ ಇವರೆಂಥವರು?

"ನಿಮಗೆ ಅಕ್ಕತಂಗಿ ಇದ್ದಾರಾ, ತಾಯಿ?" ಎಂದಳು.

ಪ್ರಶ್ನೆ ಕೇಳುವುದು ತನ್ನ ಕೆಲಸ ಎಂದು ಆಕೆ ಅಂದಳು.

"ಹಾಗಾದ್ರೆ ಕೇಳಿಸಿಕೊಳ್ಳಿ. ನನ್ನ ತಂಗಿ ಎದ್ದು ಓಡಾಡದಿದ್ರೆ ನಿಮ್ಮ ಅಲ್ಲಿನ ಆಫೀಸಿಗೆ ಹೋಗಿ ಇನ್ನೊಂದು ವಾರ ಕೊಡಿ ಅಂತ ಕೇಳ್ತೀನಿ. ಹೀಗೇ ಸಾಲಲ್ಲಿ ನಿಂತು ಕೇಳ್ತೀನಿ. ಕೊಟ್ರೆ ಇರ್ತೀನಿ. ಕೊಡದಿದ್ರೆ ನಿಮಗೆಲ್ಲ ಹಿಡಿಶಾಪ ಹಾಕ್ಕೊಂಡು ವಿಮಾನ ಹತ್ತುತ್ತೀನಿ. ಆದ್ರೆ ಖುಷಿಯಾಗಿ ಬಿಟ್ಟು ಬರ್ತೀನಿ ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸ್ಬೇಡಿ. ಅದು ಸುಳ್ಳು. ನಾನು ಈ ಕಾಗದದಲ್ಲಿ ಒಂದು ಸುಳ್ಳೂ ಬರೆದಿಲ್ಲ."

ಆಕೆ ಬಹಳ ಹೊತ್ತು ಏನೋ ಬರೆದಳು. ತೀರ್ಮಾನ ಎರಡು ವಾರದಲ್ಲಿ ಅಂಚೆಯಲ್ಲಿ ಬರುತ್ತದೆ ಎಂದಳು. ಇವತ್ತೇ ಬೇಕಿತ್ತಲ್ಲ ಎಂದು ಇವಳು ಹೇಳುವಷ್ಟರಲ್ಲಿ ಮುಂದಿನವರ ನಂಬರು ಕೂಗಿಯಾಗಿತ್ತು.

ಹೊರಗೆ ಯಜಮಾನರು ಕಬ್ಬಿಣದ ಬೇಲಿಗೆ ಒರಗಿ ನಿಂತಿದ್ದರು. ನಡೆದದ್ದನ್ನು ಕೇಳಿ ಮುಖ ಸಪ್ಪಗಾಯಿತು. ಹೇಳಿಕೊಟ್ಟದ್ದೊಂದೇ ಮಾತು, ಅದನ್ನೂ ಹೇಳಲಿಲ್ಲವಲ್ಲೇ ಎಂದರು. ಅವಳು ಫೋನು ತೆಗೆದು ತಂಗಿಗೆ ಮಾಡಿದಳು.

"ಅಕ್ಕ, ಸಿಕ್ತಾ?"

"ಆಸ್ಪತ್ರೆಗೆ ಫೋನ್ ಮಾಡು. ಅಕ್ಕ ಬರ್ತಾಳೆ ಅನ್ನು."

"ಸಿಕ್ತಾ ಅಂತ ಕೇಳಿದೆ."

"ನನ್ನ ಹೆಸರು ಕೊಡು ಅಂದೆ. ದಿನ ಹಿಡ್ಕೋ. ಒಂದು ಸಲ ಎದೆ ಕೊಯ್ದು ಹೊಲಿದ ಮೇಲೆ ಯಾವ ಡಾಕ್ಟ್ರೂ ಬೀದಿಗೆ ನೂಕಲ್ಲ. ನಾನು ಹದಿನಾಲ್ಕಕ್ಕೆ ಬರ್ತೀನೋ, ಮೂರನೇ ಸಲ ಅರ್ಜಿ ಹಾಕಿ ಇಪ್ಪತ್ತಕ್ಕೆ ಬರ್ತೀನೋ, ಅದು ನನ್ನ ತಲೆನೋವು. ಈ ಸಲ ನಿನ್ನ ಸರದಿ ಬಿಟ್ಟುಕೊಡಲ್ಲ."

ಪಕ್ಕದಲ್ಲಿ ಯಜಮಾನರು ಬೇಡ ಬೇಡ ಎಂದು ಕೈಯಾಡಿಸಿದರು. ಅವಳು ಬೆನ್ನು ತಿರುಗಿಸಿ ನಿಂತಳು.

ಆ ಕಡೆಯಿಂದ ಎಳೆದೆಳೆದು ಬರುವ ಉಸಿರು ಕೇಳಿಸಿತು.

"ತುಂಬ ಸಿಟ್ಟು ಬಂದಿದೆಯಾ ಅಕ್ಕ?"

"ಬಂದಿದೆ."

"ಹಾಗಿದ್ರೆ ಬರ್ತೀಯ ಬಿಡು," ಎಂದಳು ತಂಗಿ. ಫೋನು ಇಡಬೇಡ, ಇನ್ನೊಂದರಿಂದ ಆಸ್ಪತ್ರೆಗೆ ಮಾಡುತ್ತೇನೆ ಎಂದಳು.

ಟೈಲರಕ್ಕ ಕಿವಿಗೆ ಫೋನು ಒತ್ತಿ ಹಿಡಿದು ಬಿಸಿಲಲ್ಲಿ ನಿಂತಳು. ತಂಗಿ ಆ ಊರಿನ ಭಾಷೆಯಲ್ಲಿ ಯಾರೊಂದಿಗೋ ಮಾತಾಡುತ್ತಿದ್ದಳು. ಇವಳಿಗೆ ತಿಳಿದದ್ದು ಎರಡೇ, ಹದಿನಾಲ್ಕು ಎಂಬ ಸಂಖ್ಯೆ ಮತ್ತು ತನ್ನ ಹೆಸರು. ಹೆಸರು ಬರೆದುಕೊಳ್ಳುವವರಿಗೆ ಅದು ತಿಳಿಯಲಿಲ್ಲವೋ ಏನೋ, ತಂಗಿ ಒಂದೊಂದೇ ಅಕ್ಷರ ಬಿಡಿಸಿ, ನಡುನಡುವೆ ಉಸಿರಿಗೆ ನಿಂತು, ಮೂರು ಸಲ ಹೇಳಿದಳು.