ಅಂಗಳ ದಾಟದ ಟ್ರ್ಯಾಕ್ಟರ್

ಕಡಲಿಗೆ ಹೋದವನು ಆಡಿಹೋದ ಮಾತನ್ನು ಅವನು ದಡ ಮುಟ್ಟುವವರೆಗೆ ಮನೆಯವರು ಜೋಪಾನ ಮಾಡಬೇಕು ಎಂದು ಬೊಕ್ಕಪಟ್ಣದ ಹಿರಿಯರು ಹೇಳುವುದುಂಟು. ಕುಮುದಿನಿಯ ಬಳಿ ಅಂಥ ಒಂದು ಮಾತು ಉಳಿದಿತ್ತು. ಮಾತಿನ ಜೊತೆಗೆ ಒಂದು ಟ್ರ್ಯಾಕ್ಟರೂ ಉಳಿದಿತ್ತು.

ಗದ್ದೆ ಉಳುವ ದೊಡ್ಡ ಟ್ರ್ಯಾಕ್ಟರ್ ಅಲ್ಲ. ಬಂಗಲೆಯ ತೋಟದಲ್ಲಿ ಹುಲ್ಲು ಕತ್ತರಿಸಲು, ಗೊಬ್ಬರದ ಗಾಡಿ ಎಳೆಯಲು ಇಟ್ಟುಕೊಳ್ಳುವಂಥದ್ದು, ಎಮ್ಮೆಕರುವಿನಷ್ಟು ಎತ್ತರ. ಮಣ್ಣಗುಡ್ಡದ ತೆರೆಸಾ ಬಾಯಿಯ ಗಂಡ ಎಂದೋ ಹಡಗಿನಲ್ಲಿ ತರಿಸಿದ್ದು. ಆ ತೋಟದಲ್ಲಿ ಫ್ಲ್ಯಾಟ್ ಏಳುವಾಗ ಗುಜರಿಗೆ ಹೊರಟಿದ್ದನ್ನು ಕುಮುದಿನಿಯ ಮಗ ರೋಷನ್ ಕೊಂಡು ತಂದ. ಟೆಂಪೋದಿಂದ ಇಳಿಸುವಾಗ ಸೀಟಿನ ಹರಕಿನೊಳಗಿಂದ ಒಂದು ಓತಿ ಹಾರಿ ತೆಂಗಿನಮರ ಹತ್ತಿತು.

"ಎಂತ ಇದು ಮಾರಾಯ?" ಕುಮುದಿನಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ನಮಗೆ ಗದ್ದೆ ಉಂಟಾ, ತೋಟ ಉಂಟಾ? ಇದರಲ್ಲಿ ಕಡಲು ಉಳ್ತೀಯಾ?"

"ಊರಲ್ಲಿ ಎಷ್ಟು ಶಾಲೆ, ಎಷ್ಟು ಇಗರ್ಜಿ ಉಂಟಮ್ಮ. ಎಲ್ಲ ಕಡೆ ಹುಲ್ಲು ಬೆಳೀತದೆ. ಬಂಗುಡೆ ಮೀನಿನ ಹಾಗಲ್ಲ, ಹುಲ್ಲು ತಪ್ಪಿಸಿಕೊಂಡು ಹೋಗುವುದಿಲ್ಲ."

"ಮೊದಲು ಇದು ಉಸಿರಾಡ್ಲಿ," ಎಂದ ಅಪ್ಪ ದೇವದಾಸ್, ಟಯರಿಗೆ ಕಾಲಿನಿಂದ ತಟ್ಟಿ.

ರೋಷನ್ ತುಳಸಿಕಟ್ಟೆಯ ಮೇಲೆ ಕೈಯಿಟ್ಟ. ನಗುತ್ತಲೇ ಇಟ್ಟದ್ದು. "ಇದನ್ನು ಓಡಿಸಿಕೊಂಡು ಈ ಅಂಗಳ ದಾಟಿದ ದಿನ ನಾನು ಕಡಲು ಬಿಡ್ತೇನೆ. ಆಯ್ತಾ?"

ಮಗ ಕಡಲು ಬಿಡಲೆಂದು ಕುಮುದಿನಿ ಕಡಲ ದೈವ ಬೊಬ್ಬರ್ಯನಿಗೆ ಹರಕೆ ಹೇಳಿಕೊಂಡು ವರ್ಷಗಳಾಗಿದ್ದವು. ಆ ಮಾತನ್ನು ಅವಳು ಪ್ರಸಾದದಂತೆ ಕಣ್ಣಿಗೊತ್ತಿಕೊಂಡಳು.

ಅದೇ ವರ್ಷ ಮಳೆಗಾಲದ ರಜೆ ಮುಗಿದು ಬೋಟುಗಳು ನೀರಿಗಿಳಿದವು. ಇಂಜಿನ್ ಅರ್ಧ ಬಿಚ್ಚಿಟ್ಟು ರೋಷನ್ ಹೊರಟ. ಮಲ್ಪೆಯ ಆಚೆ ಬೋಟು ಗಾಳಿಗೆ ಮಗುಚಿತು. ಉಳಿದವರು ಈಜಿ ಬಂದರು. ರೋಷನನ ದೇಹವೂ ಬರಲಿಲ್ಲ.

ದೇವದಾಸನಿಗೆ ಕಡಲು ಗೊತ್ತಿತ್ತು. ಬೊಬ್ಬರ್ಯನ ಗುಡಿಯ ಮುಂದೆ ಅವನಿಗೆ ಕೇಳುವುದೇನೂ ಉಳಿದಿರಲಿಲ್ಲ. ಆದರೂ ಹೋಗಿ ನಿಲ್ಲುತ್ತಿದ್ದ. ಬೊಜ್ಜದ, ಉತ್ತರಕ್ರಿಯೆಯ ಮಾತೆತ್ತಿದರೆ ಕುಮುದಿನಿ ಒಲೆಯ ಕಡೆಗೆ ತಿರುಗಿಬಿಡುತ್ತಿದ್ದಳು.

"ಬೊಜ್ಜ ಯಾರದ್ದು ಮಾಡುವುದು? ಗಾಡಿ ಅಂಗಳ ದಾಟ್ಲಿ. ಕಡಲು ಅವನನ್ನು ಬಿಡ್ತದೆ. ತುಳಸಿ ಮುಟ್ಟಿ ಹೇಳಿದ್ದಾನೆ."

ಅವಳೊಡನೆ ವಾದಿಸುವ ಶಕ್ತಿ ಅವನಲ್ಲಿರಲಿಲ್ಲ. ದಾಟಲಿ, ಎಂದುಕೊಂಡ. ದಾಟಿದ ಮೇಲೂ ಯಾರೂ ಬರದೆ ಹೋದರೆ ಆಗಲಾದರೂ ಒಪ್ಪಿಯಾಳು. ಮಗನಿಗೆ ಒಂದು ಹಿಡಿ ಪಿಂಡ ಸಿಗಬಹುದು. ಬೇರೆ ಆಸೆ ಅವನಿಗೆ ಇರಲಿಲ್ಲ.

ಹಾಗೆ ಅವನು ಆ ಹಳೆಯ ಕಬ್ಬಿಣವನ್ನು ಕಾಯತೊಡಗಿದ. ಉಪ್ಪುಗಾಳಿಗೆ ತಗಡು ದೋಸೆಯಂತೆ ತೂತು ಬೀಳುವ ಊರು ಇದು. ದೋಣಿಯ ಮರಕ್ಕೆ ಬಳಿಯುವಂತೆ ಪ್ರತಿ ಸಂಜೆ ಮೀನೆಣ್ಣೆ ಬಳಿದ. ಕೇರಿಯ ಬೆಕ್ಕುಗಳೆಲ್ಲ ಬಂದು ಟ್ರ್ಯಾಕ್ಟರನ್ನು ನೆಕ್ಕತೊಡಗಿದವು.

ಪಂಪ್‌ವೆಲ್‌ನ ಗುಜರಿ ಅಂಗಡಿಯ ಹಾಶಿಂ, ರೋಷನನ ಗೆಳೆಯ, ಸಿಕ್ಕ ಸಿಕ್ಕ ಹಳೆಯ ಇಂಜಿನಿನ ಭಾಗಗಳನ್ನು ಹುಡುಕಿ ತರುತ್ತಿದ್ದ.

"ಇಂಥದ್ದು ಈಗ ಎಲ್ಲಿಯೂ ಇಲ್ಲ ದೇವದಾಸಣ್ಣ. ನಿಮ್ಮ ಬೋಟಿನ ಇಂಜಿನ್ ಇಡೀ ದಿನ ನೀರು ಕುಡೀತದೆ. ಇದು ಗಾಳಿಯಲ್ಲೇ ತಣಿಯುವುದು. ಉಪವಾಸದ ಇಂಜಿನ್."

"ನಿನ್ನ ಹಾಗೆಯಾ?"

"ನಾನು ಸಂಜೆಗೆ ಬಿಡ್ತೇನೆ. ಇದು ಬಿಡುವುದಿಲ್ಲ."

ಎರಡನೆಯ ವರ್ಷದ ಆಯುಧಪೂಜೆಯ ಬೆಳಿಗ್ಗೆ ಇಂಜಿನ್ ಮಾತಾಡಿತು. ಮೊದಲು ಮುದುಕನ ಕೆಮ್ಮಿನ ಹಾಗೆ, ಆಮೇಲೆ ತಡೆಯಿಲ್ಲದೆ. ಹಾಶಿಂ ಶಬ್ದ ಹದಕ್ಕೆ ಬರುವವರೆಗೆ ಅದನ್ನು ನಿಂತಲ್ಲೇ ಓಡಲು ಬಿಟ್ಟ. ಕಬ್ಬಿಣ ಮುಟ್ಟಲಾರದಷ್ಟು ಕಾಯಿತು. ಅಂಗಳದಾಚೆಯ ರಸ್ತೆಯನ್ನು ಕುಮುದಿನಿ ಗುಡಿಸಿ ನೀರು ಚಿಮುಕಿಸಿದ್ದಳು. ರೋಷನನ ಒಂದು ಅಂಗಿಯನ್ನು ಇಸ್ತ್ರಿ ಮಾಡಿ ಜಗಲಿಯ ಕುರ್ಚಿಯ ಮೇಲೆ ಇಟ್ಟಿದ್ದಳು. ಅದನ್ನು ನೋಡಿ ಹಾಶಿಂ ಮುಖ ತಿರುಗಿಸಿ, ಸ್ಪ್ಯಾನರ್ ಹುಡುಕುವವನಂತೆ ಚೀಲದೊಳಗೆ ಕೈ ಹಾಕಿದ.

ಬೋಟಿಗೆ ಇಂಜಿನ್ ಕೂರಿಸಿ ಮೊದಲ ಸಲ ಚಾಲು ಮಾಡಿದಾಗ ಮನೆಯ ಹೆಂಗಸು ಅದರ ನೆತ್ತಿಗೆ ಬೊಂಡದ ಎಳನೀರು ಎರೆಯುತ್ತಾಳೆ. ಅಜ್ಜನ ಕಾಲದಿಂದ ಅವರ ಮನೆಯಲ್ಲಿ ನಡೆದು ಬಂದದ್ದು. ಆ ಕ್ಷಣದಲ್ಲಿ ದೇವದಾಸನಿಗೆ ಹಾಶಿಂ ಹೇಳಿದ್ದ ಗಾಳಿಯೂ ನೆನಪಾಗಲಿಲ್ಲ, ಉಪವಾಸವೂ ನೆನಪಾಗಲಿಲ್ಲ. ಕೈ ತನ್ನಷ್ಟಕ್ಕೆ ಬೊಂಡ ಕೆತ್ತಿತು, ಹೆಂಡತಿಯ ಕೈಗೆ ಕೊಟ್ಟಿತು. ಅವಳು ಕಣ್ಣು ಮುಚ್ಚಿ, "ಅಮ್ಮಾ ಮಹಾಲಕ್ಷ್ಮಿ," ಎನ್ನುತ್ತ ಕಾದ ಇಂಜಿನಿನ ಮೇಲೆ ಎರೆದಳು.

ಟಪ್ ಎಂದು ಒಂದು ಶಬ್ದ. ಪಕ್ಕದ ಮನೆಯಲ್ಲಿ ಪೂಜೆಯ ತೆಂಗಿನಕಾಯಿ ಒಡೆದರು ಎಂದುಕೊಂಡ ದೇವದಾಸ್. ಆಮೇಲೆ ಇಂಜಿನ್ ನಿಂತಿತು.

ಹಬೆ ಹಾರಿದ ಮೇಲೆ ಹಾಶಿಂ ಬಗ್ಗಿ ನೋಡಿದ. ಕಾದ ಎರಕದ ಮೈ ತಣ್ಣನೆಯ ನೀರು ಬಿದ್ದು ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತ್ತು.

"ವೆಲ್ಡಿಂಗ್?" ಎಂದ ದೇವದಾಸ್.

"ನಿಲ್ಲುವುದಿಲ್ಲ ಅಣ್ಣ. ಬೇರೆ ಸಿಗುವುದೂ ಇಲ್ಲ."

ದೇವದಾಸ್ ಹೆಂಡತಿಯ ಹತ್ತಿರ ಹೋದ. ಬರಿದಾದ ಬೊಂಡ ಇನ್ನೂ ಅವಳ ಕೈಯಲ್ಲಿತ್ತು. ಮಗುವಿಗೆ ಹೇಳುವಂತೆ ಮೆಲ್ಲನೆ ಹೇಳಿದ: "ನಾವು ಮೂವರೂ ದೂಡುವ. ನಾಲ್ಕು ಹೆಜ್ಜೆ ಅಷ್ಟೇ. ಅಂಗಳ ದಾಟಿದ ಹಾಗೆ ಆಯ್ತಲ್ಲ?"

ಕುಮುದಿನಿ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವನಿಗೆ ಭಯವಾಯಿತು.

"ಓಡಿಸಿಕೊಂಡು ಅಂತ ಅವನು ಹೇಳಿದ್ದು. ದೂಡಿಕೊಂಡು ಅಂತ ಅಲ್ಲ."

"ಕುಮುದಿನಿ, ಇದು ಇನ್ನು ಯಾವತ್ತೂ ಓಡುವುದಿಲ್ಲ."

"ಹಾಗಾದ್ರೆ ಅವನು ಕಡಲಲ್ಲೇ ಇದ್ದಾನೆ," ಎಂದಳು. "ಇರ್ಲಿ. ಇದ್ದಾನಲ್ಲ."

ಅವಳು ಬೊಂಡವನ್ನು ತುಳಸಿಕಟ್ಟೆಯ ಬುಡದಲ್ಲಿಟ್ಟು, ಸೆರಗಿನಿಂದ ಇಂಜಿನಿನ ಮೇಲಿನ ನೀರನ್ನು ಒರೆಸತೊಡಗಿದಳು. ಬಿರುಕಿನ ಬಳಿ ಬಂದಾಗ ಗಾಯಕ್ಕೆ ಒತ್ತುವಂತೆ ಹಗುರವಾಗಿ ಒತ್ತಿದಳು.

"ಮೀನೆಣ್ಣೆಯ ಡಬ್ಬ ತನ್ನಿ. ನೀರು ತಾಗಿದೆ, ತುಕ್ಕು ಹಿಡೀತದೆ."

ದೇವದಾಸ್ ತಂದ. ಎಷ್ಟು ಕಾದರೂ ಈ ಕಬ್ಬಿಣ ಇನ್ನು ಎಲ್ಲಿಗೂ ಹೋಗುವುದಿಲ್ಲ, ತಾನು ಬದುಕಿರುವವರೆಗೆ ಮಗನ ಹೆಸರಿನಲ್ಲಿ ಎಳ್ಳುನೀರು ಬಿಡಲು ಅವಳು ಒಪ್ಪುವುದಿಲ್ಲ ಎಂದು ಅವನಿಗೆ ತಿಳಿದಿತ್ತು. ಆದರೂ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಬಟ್ಟೆಯನ್ನು ಎಣ್ಣೆಗೆ ಅದ್ದಿದ. ಹಾಶಿಂ ಹೇಳದೆಯೇ ಹೊರಟುಹೋಗಿದ್ದ. ವಾಸನೆ ಹಿಡಿದು ಬೆಕ್ಕುಗಳು ಒಂದೊಂದಾಗಿ ಬಂದು ಕಾಯುತ್ತ ಕುಳಿತವು.